ಕಣಿವೆಗೂ ಉಂಟು ಕಡಲಿನ ಲೆಕ್ಕ

ಕಡಲು ಏರುತ್ತಿದೆ ಎಂಬ ಸುದ್ದಿ ಕೇಳಿದಾಗ 'ಬೆಟ್ಟದ ಬುಡದಲ್ಲಿರೋರಿಗೆ ಏನಾಗ್ಬೇಕು?' ಎಂಬ ಮಾತು ತೇನಿ, ಬೋಡಿ, ಕಂಬಂ ಕಡೆಯ ಕನ್ನಡ ಮನೆಗಳಲ್ಲಿ ಬಂದರೆ ಅಚ್ಚರಿಯಿಲ್ಲ. ಆದರೆ ಈ ಕಣಿವೆಯ ಗದ್ದೆಗೆ ಹರಿಯುವುದೇ ಅರಬ್ಬಿ ಕಡಲಿಗೆ ಸೇರಬೇಕಿದ್ದ ನೀರು. 1895ರಲ್ಲಿ ಮುಲ್ಲಪೆರಿಯಾರ್ ಅಣೆಕಟ್ಟು ಮುಗಿದ ಮೇಲೆ ಪಶ್ಚಿಮದ ನೀರು ಸುರಂಗ ದಾಟಿ ವೈಗೈ ಕಡೆಗೆ ತಿರುಗಿತು. ಅದೇ ಪೆರಿಯಾರ್‌ನ ಇನ್ನೊಂದು ತುದಿಯಲ್ಲಿ, ಕೊಚ್ಚಿ ಬಳಿ, ಬೇಸಿಗೆಯ ಉಬ್ಬರದೊಂದಿಗೆ ಉಪ್ಪುನೀರು ಒಳನುಗ್ಗದಂತೆ ಪಾತಾಳಂನಲ್ಲಿ ತಡೆ ಹಾಕಬೇಕಾಗಿದೆ. ನದಿ ಒಂದೇ ಆದ ಮೇಲೆ ಚಿಂತೆ ಬೇರೆ ಹೇಗಾದೀತು?

ಉತ್ತರ ಹಿಂದೂ ಮಹಾಸಾಗರದ ಮಟ್ಟ 1993ರಿಂದ 2017ರವರೆಗೆ ವರ್ಷಕ್ಕೆ ಸರಾಸರಿ 3.3 ಮಿಲಿಮೀಟರ್ ಏರಿದೆ ಎಂದು ಕೇಂದ್ರ ಭೂವಿಜ್ಞಾನ ಸಚಿವಾಲಯದ 2020ರ ವರದಿ ಹೇಳುತ್ತದೆ. ಕಡಲು ಒಂದು ಅಡಿ ಏರಿದರೆ ಉಬ್ಬರವೂ ಒಂದು ಅಡಿ ಮೇಲೆ ಬರುತ್ತದೆ, ಅಷ್ಟೇ ತಾನೆ ಎಂಬುದು ಜನಸಾಮಾನ್ಯರ ಲೆಕ್ಕ. ತಪ್ಪುವುದು ಇಲ್ಲೇ.

ಉಬ್ಬರವೆಂದರೆ ಚಂದ್ರ-ಸೂರ್ಯರ ಸೆಳೆತದಿಂದ ಹುಟ್ಟಿ, ಸುಮಾರು 12 ಗಂಟೆ 25 ನಿಮಿಷಕ್ಕೊಮ್ಮೆ ದಡಕ್ಕೆ ಬರುವ ಬಲು ಉದ್ದದ ಅಲೆ. ನೀರಿನ ಆಳ ಹೆಚ್ಚಿದರೆ ಈ ಅಲೆ ಬೇಗ ಓಡುತ್ತದೆ, ತಳದ ತಿಕ್ಕಾಟ ಕಡಿಮೆಯಾಗುತ್ತದೆ. ಹೀಗಾಗಿ ಒಂದು ಕಡೆ ಉಬ್ಬರ-ಇಳಿತದ ಅಂತರ ಹಿಗ್ಗಬಹುದು, ಇನ್ನೊಂದು ಕಡೆ ಕುಗ್ಗಬಹುದು, ಹೊತ್ತೂ ಹಿಂದುಮುಂದಾಗಬಹುದು. ಹಿರಿಯರ ಕಾರ್ಯಕ್ಕೆಂದು ರಾಮೇಶ್ವರಕ್ಕೆ ಹೋದವರು ಅಗ್ನಿತೀರ್ಥದಲ್ಲಿ ಕಾಣುವ ಏರಿಳಿತ ಒಂದು ಮೀಟರ್ ಕೂಡ ಇರದು. ಗುಜರಾತಿನ ಭಾವನಗರದಲ್ಲಿ ಅದು 10 ಮೀಟರ್ ಮುಟ್ಟುವುದುಂಟು. ಚಂದ್ರ ಒಬ್ಬನೇ, ಕಡಲ ಪಾತ್ರೆಯ ಆಕಾರ, ಆಳ ಬೇರೆ ಬೇರೆ.

ಇದರ ಬಿಸಿ ಮೊದಲು ತಟ್ಟುವುದು ಅಳಿವೆಗಳ ಬದುಕಿಗೆ. ಉತ್ತರ ಕನ್ನಡದ ಕುಮಟಾ ಬಳಿಯ ಅಘನಾಶಿನಿ ಅಳಿವೆ 2024ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿತು. ಅಲ್ಲಿನ ಗಜನಿ ಗದ್ದೆಗಳಲ್ಲಿ ಮಳೆಗಾಲಕ್ಕೆ ಉಪ್ಪು ತಡೆಯುವ ಕಗ್ಗ ಭತ್ತ, ಆಮೇಲೆ ಸಿಗಡಿ-ಮೀನು. ಇಡೀ ವ್ಯವಸ್ಥೆ ನಿಂತಿರುವುದು ಮಣ್ಣಿನ ಕಟ್ಟೆ ಹಾಗೂ ತೂಬಿನ ಬಾಗಿಲ ಮೇಲೆ: ಉಬ್ಬರದಲ್ಲಿ ಮುಚ್ಚಬೇಕು, ಇಳಿತದಲ್ಲಿ ಗದ್ದೆಯ ನೀರು ಹೊರಬಿಡಬೇಕು. ಎಲ್ಲರೂ ಉಬ್ಬರಕ್ಕೇ ಹೆದರುತ್ತಾರೆ. ಆದರೆ ಕಡಲು ಏರಿ, ಇಳಿತವೂ ಸರಿಯಾಗಿ ಇಳಿಯದಿದ್ದರೆ ಗದ್ದೆಯ ನೀರು ಹೋಗೋದಾದ್ರೂ ಎಲ್ಲಿಗೆ?

ಉಳ್ಳಾಲದಿಂದ ಮಂಜೇಶ್ವರ, ಉಪ್ಪಳದವರೆಗೆ ಕಡಲ್ಕೊರೆತ ಬಂದಾಗ ಕಲ್ಲು ಸುರಿಯುವುದೇ ಪರಿಹಾರವೆಂಬ ರೂಢಿ ಬೆಳೆದಿದೆ. ಮನೆ ಕಳೆದುಕೊಳ್ಳುವವರ ಸಂಕಟದ ಮುಂದೆ ಕಲ್ಲು ಬೇಡವೆನ್ನುವುದು ಸುಲಭವಲ್ಲ. ಆದರೆ ಅದೇ ರೂಢಿ ಅಳಿವೆಗಳಿಗೂ ಕಾಲಿಟ್ಟರೆ ಕಷ್ಟ. ಅಮೆರಿಕದ ಚೆಸಪೀಕ್ ಕೊಲ್ಲಿಯ ಕುರಿತ ಗಣಕ ಅಧ್ಯಯನವೊಂದು ಇದನ್ನೇ ತೋರಿಸಿದೆ: ದಡವಿಡೀ ಗೋಡೆ ಕಟ್ಟಿದರೆ ಉಬ್ಬರದ ಅಂತರ ಹೆಚ್ಚುತ್ತದೆ, ತಗ್ಗು ನೆಲದಲ್ಲಿ ನೀರು ಹರಡಲು ಬಿಟ್ಟರೆ ಅದರ ಬಲ ಕುಂದುತ್ತದೆ. ಒಬ್ಬರ ಮನೆ ಉಳಿಸಿದ ಗೋಡೆ ಇನ್ನೊಬ್ಬರ ಅಂಗಳಕ್ಕೆ ನೀರು ತಳ್ಳಬಹುದು.

ಆದ್ದರಿಂದ ಸರ್ಕಾರಗಳು ದೊಡ್ಡ ಬಂದರುಗಳ ಅಳತೆಯನ್ನಷ್ಟೇ ನಂಬಿ ಕೂರಬಾರದು. ಪ್ರತಿ ಅಳಿವೆಯಲ್ಲೂ ಉಬ್ಬರ, ಇಳಿತ, ನೀರಿನ ಉಪ್ಪು ವರ್ಷಪೂರ್ತಿ ಅಳೆಯುವ ವ್ಯವಸ್ಥೆ ಆಗಬೇಕು. ಅಳತೆ ಊರವರ ಕಣ್ಣಿಗೂ ಬೀಳಬೇಕು. ಗೋಡೆ, ತೂಬು, ಕಟ್ಟೆಗಳ ಮಾತು ಆಮೇಲಿನದು.

ಪಾಳಿ ನೀರಿಗೆ ಕಾದು ಬದು ಕಟ್ಟುವ ಕಂಬಂ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನೀರು ಅಳೆಯದೆ ಕಟ್ಟಿದ ಬದು ಪಕ್ಕದವನ ಗದ್ದೆಯನ್ನು ಮುಳುಗಿಸುತ್ತದೆ.