ರಾಯಚೂರು, ಮಾನ್ವಿ, ದೇವದುರ್ಗದಲ್ಲಿ ಮನೆ-ಪ್ಲಾಟ್ ಖರೀದಿ: ಏಜೆಂಟ್ ‘ನಮ್ಮವರೇ’ ಆದರೂ ಕಾಗದ ನೋಡಲೇಬೇಕು

ಚಾತುರ್ಮಾಸ ಮುಗಿದು ದೀಪಾವಳಿ ಕಳೆಯುತ್ತಿದ್ದಂತೆ ಸಮಾಜದ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಮದುವೆಯ ಆಮಂತ್ರಣಗಳ ಜೊತೆ ಇನ್ನೊಂದು ಬಗೆಯ ಸಂದೇಶವೂ ಬರತೊಡಗುತ್ತದೆ. ‘ಜೈ ಜಿನೇಂದ್ರ, ನಮ್ಮ ಸಮಾಜದವರಿಗಾಗಿಯೇ ಲೇಔಟ್, ಎನ್‌ಎ ಆಗಿದೆ, ವಿಮಾನ ನಿಲ್ದಾಣಕ್ಕೆ ಐದು ನಿಮಿಷ, ಬಸದಿಗೆ ಹತ್ತು ನಿಮಿಷ, ಕೆಲವೇ ಪ್ಲಾಟ್ ಉಳಿದಿವೆ’. ಕಳಿಸಿದವರು ಪರಿಚಿತರು. ಪೂಜೆಯಲ್ಲಿ ಪಕ್ಕದಲ್ಲಿ ಕೂತವರು, ಇಲ್ಲವೇ ಅಳಿಯನ ಕಡೆಯ ಬಂಧುಗಳು. ಆದ್ದರಿಂದ ಪ್ರಶ್ನೆ ಕೇಳುವುದೇ ಸಂಕೋಚದ ವಿಷಯವಾಗುತ್ತದೆ. ಈ ಲೇಖನ ಆ ಸಂಕೋಚದ ಬಗ್ಗೆ.

ಮೊದಲು ‘ಐದು ನಿಮಿಷ’ದ ಮಾತು. ರಾಯಚೂರಿನ ಸುತ್ತ ಈಗ ಜಮೀನಿನ ಬೆಲೆ ನಿಂತಿರುವುದು ಬಹುಮಟ್ಟಿಗೆ ಸುದ್ದಿಗಳ ಮೇಲೆ. ಯರಮರಸ್‌ನಲ್ಲಿ ವಿಮಾನ ನಿಲ್ದಾಣ, ಸೂರತ್-ಚೆನ್ನೈ ಹೆದ್ದಾರಿ, ಏಮ್ಸ್, ಮಾನ್ವಿಗೆ ರೈಲು. ಇವೆಲ್ಲ ಸುಳ್ಳು ಸುದ್ದಿಗಳಲ್ಲ, ಆದರೆ ಎಲ್ಲಕ್ಕೂ ತಮ್ಮದೇ ಗತಿಯಿದೆ. ಮುನಿರಾಬಾದ್-ಮಹಬೂಬ್‌ನಗರ ರೈಲು ಮಾರ್ಗಕ್ಕೆ ಮಂಜೂರಾತಿ ಸಿಕ್ಕಿದ್ದು 1997-98ರಲ್ಲಿ. ರೈಲು ಸಿಂಧನೂರು ತಲುಪಿದ್ದು 2024ರಲ್ಲಿ. ಅಲ್ಲಿಂದ ಮಾನ್ವಿ ದಾಟಿ ರಾಯಚೂರು ಸೇರುವ ಭಾಗವನ್ನು ನಂಬಿ ಇಪ್ಪತ್ತು ವರ್ಷಗಳ ಹಿಂದೆಯೇ ‘ಸ್ಟೇಷನ್ ಹತ್ತಿರದ ಪ್ಲಾಟ್’ ಕೊಂಡವರು ಅಷ್ಟೂ ವರ್ಷ ಬರೀ ನೆಲದ ತೆರಿಗೆ ಕಟ್ಟಿದ್ದಾರೆ. ಏಮ್ಸ್‌ಗಾಗಿ ರಾಯಚೂರಿನಲ್ಲಿ 2022ರ ಮೇ 13ರಂದು ಶುರುವಾದ ಧರಣಿ ಸಾವಿರ ದಿನ ದಾಟಿತು. ಹೋರಾಟ ನ್ಯಾಯವಾದದ್ದೇ, ಆದರೆ ಹೋರಾಟದ ಹೆಸರಿನಲ್ಲಿ ಪ್ಲಾಟಿನ ದರ ಏರಿಸುವುದು ಬೇರೆ ವಿಷಯ. ವಾಸಕ್ಕೆ ಮನೆ ಬೇಕಾದವರು ಇಂದು ಅಲ್ಲಿ ಏನಿದೆಯೋ ಅದಕ್ಕೆ ಬೆಲೆ ಕಟ್ಟಬೇಕು. ರಸ್ತೆ, ಚರಂಡಿ, ನಲ್ಲಿ, ಕರೆಂಟು, ಶಾಲೆ, ಇಷ್ಟೇ. ಮುಂದೆ ಬರುವುದಕ್ಕೆ ಇಂದೇ ಹಣ ಕೊಡುವುದಾದರೆ ಅದು ಮನೆ ಖರೀದಿಯಲ್ಲ, ಸಟ್ಟಾ.

ಇನ್ನು ‘ನಮ್ಮವರು’ ಎಂಬ ಮಾತು. ರಾಯಚೂರು ಹತ್ತಿಯ ಊರು, ಮಾನ್ವಿ ಭತ್ತದ ಸೀಮೆ. ಮಾರುಕಟ್ಟೆಯಲ್ಲಿ ಲಕ್ಷಾಂತರ ರೂಪಾಯಿಯ ಮಾಲು ಬಾಯಿಮಾತಿನ ಮೇಲೆ ಕೈ ಬದಲಾಗುವುದನ್ನು ವ್ಯಾಪಾರಿ ಮನೆತನಗಳು ತಲೆಮಾರುಗಳಿಂದ ಕಂಡಿವೆ. ಅಲ್ಲಿ ಅದು ನಡೆಯುತ್ತದೆ, ಏಕೆಂದರೆ ಅದೇ ದಲಾಲ ನಾಳೆಯೂ ನಿಮ್ಮ ಅಂಗಡಿಗೆ ಬರಬೇಕು, ಮಾತು ತಪ್ಪಿದರೆ ವಾರದೊಳಗೆ ಗೊತ್ತಾಗುತ್ತದೆ. ಪ್ಲಾಟಿನ ವ್ಯವಹಾರ ಹಾಗಲ್ಲ. ಒಂದು ಕುಟುಂಬ ಜೀವನದಲ್ಲಿ ಒಮ್ಮೆ, ಹೆಚ್ಚೆಂದರೆ ಎರಡು ಸಲ ಕೊಳ್ಳುತ್ತದೆ. ದೋಷ ಹೊರಬೀಳುವುದು ಹತ್ತು-ಹದಿನೈದು ವರ್ಷಗಳ ಮೇಲೆ, ಮಗನ ಓದಿಗೆ ಬ್ಯಾಂಕ್ ಸಾಲ ಕೇಳಿದಾಗ ಅಥವಾ ಮಾರಲು ಹೊರಟಾಗ. ಅಷ್ಟರಲ್ಲಿ ಏಜೆಂಟ್ ವೃತ್ತಿಯನ್ನೇ ಬಿಟ್ಟಿರಬಹುದು. ಅವರು ಮೋಸಗಾರರೇ ಆಗಬೇಕೆಂದಿಲ್ಲ. ಅವರಿಗೂ ಯಾರೋ ಹೇಳಿದ್ದನ್ನು ನಂಬಿ ನಿಮಗೆ ಹೇಳಿರುತ್ತಾರೆ. ಕೊಳ್ಳುವವರು, ಮಾರುವವರು ಇಬ್ಬರಿಂದಲೂ ಕಮಿಷನ್ ಪಡೆಯುವ ರೂಢಿಯೂ ಇದೆ, ಹಾಗಾಗಿ ‘ನೀವು ಯಾರ ಪರ?’ ಎಂದು ಮೊದಲ ದಿನವೇ ಕೇಳಿದರೆ ತಪ್ಪಿಲ್ಲ.

ಕಾನೂನು ಏಜೆಂಟರನ್ನೂ ಹಿಡಿದಿದೆ ಎಂಬುದು ನಮ್ಮ ಭಾಗದಲ್ಲಿ ಹಲವರಿಗೆ ತಿಳಿದಂತಿಲ್ಲ. 2016ರ ರೇರಾ ಕಾಯ್ದೆಯ 9ನೇ ಕಲಂ ಪ್ರಕಾರ ನೋಂದಣಿಯಾಗಬೇಕಾದ ಯೋಜನೆಯ ನಿವೇಶನ ಅಥವಾ ಫ್ಲ್ಯಾಟ್ ಮಾರಿಸುವ ಏಜೆಂಟ್ ತಾನೂ ನೋಂದಾಯಿಸಿಕೊಂಡಿರಬೇಕು. 500 ಚದರ ಮೀಟರ್‌ಗಿಂತ ದೊಡ್ಡ ಲೇಔಟ್‌ಗೆ ರೇರಾ ನೋಂದಣಿ ಕಡ್ಡಾಯ. 500 ಚದರ ಮೀಟರ್ ಎಂದರೆ ಸುಮಾರು ಐದು ಗುಂಟೆ, ಹಾಗಾಗಿ ಎಕರೆಗಟ್ಟಲೆ ಬಡಾವಣೆ ಮಾಡಿ ‘ನಮ್ಮದು ಸಣ್ಣದು, ರೇರಾ ಬೇಡ’ ಎನ್ನುವ ಮಾತು ನಿಲ್ಲದು. 12ನೇ ಕಲಂ ಇನ್ನೂ ಮುಖ್ಯ. ಜಾಹೀರಾತಿನ ಸುಳ್ಳು ವಿವರ ನಂಬಿ ಹಣ ಕೊಟ್ಟು ನಷ್ಟವಾದವರು ಹಣ ವಾಪಸು, ಪರಿಹಾರ ಕೇಳಬಹುದು. ಆದ್ದರಿಂದ ಆ ವಾಟ್ಸ್‌ಆ್ಯಪ್ ಸಂದೇಶವನ್ನು ಅಳಿಸಬೇಡಿ. 13ನೇ ಕಲಂ ಪ್ರಕಾರ ಕರಾರು ನೋಂದಣಿಯಾಗುವ ಮೊದಲು ಬೆಲೆಯ 10 ಶೇಕಡಕ್ಕಿಂತ ಹೆಚ್ಚು ಮುಂಗಡ ಪಡೆಯುವಂತಿಲ್ಲ. ಏಜೆಂಟರ ಮತ್ತು ಯೋಜನೆಯ ನೋಂದಣಿ ಸಂಖ್ಯೆಯನ್ನು ಕರ್ನಾಟಕ ರೇರಾ ಜಾಲತಾಣದಲ್ಲಿ ಹಾಕಿ ನೋಡಲು ಎರಡು ನಿಮಿಷ ಸಾಕು. ಸಂಖ್ಯೆ ಕೇಳಿದಾಗ ಬೇಸರಪಡುವ ಬಂಧುವಿನ ಬೇಸರಕ್ಕೆ ಹೆದರಬೇಕಿಲ್ಲ.

‘ಎನ್‌ಎ ಆಗಿದೆ’ ಎಂಬ ಮಾತಿನಲ್ಲೇ ಹೆಚ್ಚಿನವರು ಎಡವುವುದು. 1964ರ ಭೂಕಂದಾಯ ಕಾಯ್ದೆಯ 95ನೇ ಕಲಂ ಅಡಿ ಜಮೀನು ಕೃಷಿಯೇತರ ಬಳಕೆಗೆ ಪರಿವರ್ತನೆಯಾಗುವುದು ಮೊದಲ ಮೆಟ್ಟಿಲು ಮಾತ್ರ. ಲೇಔಟ್ ನಕ್ಷೆಗೆ ಯೋಜನಾ ಪ್ರಾಧಿಕಾರದ ಅನುಮೋದನೆ ಬೇರೆ, ಪ್ರತಿ ಪ್ಲಾಟಿಗೆ ಇ-ಖಾತೆ ಬೇರೆ. ಎನ್‌ಎ ಆದ ನಾಲ್ಕು ಎಕರೆಯನ್ನು ಸುಣ್ಣದ ಗೆರೆ ಎಳೆದು ತುಂಡು ಮಾಡಿ ಮಾರಿದರೆ ಅದು ಅನಧಿಕೃತ ಬಡಾವಣೆಯೇ. ಇಂಥ ಆಸ್ತಿಗಳಿಗಾಗಿಯೇ ಸರ್ಕಾರ 2025ರ ಫೆಬ್ರುವರಿಯಲ್ಲಿ ನಗರ ಸ್ಥಳೀಯ ಸಂಸ್ಥೆಗಳಲ್ಲಿ ಬಿ-ಖಾತೆ ಅಭಿಯಾನ ಆರಂಭಿಸಿತು. ಆಗಲೇ ಇದ್ದ ಮನೆ-ನಿವೇಶನಗಳನ್ನು ತೆರಿಗೆ ವ್ಯಾಪ್ತಿಗೆ ತರುವುದು ಅದರ ಉದ್ದೇಶ. ಹೊಸ ಅನಧಿಕೃತ ಬಡಾವಣೆಗೆ ಅದು ಪರವಾನಗಿಯಲ್ಲ. ‘ಈಗ ಬಿ ತಗೊಳ್ಳಿ, ಮುಂದೆ ಎ ಆಗುತ್ತೆ’ ಎಂಬ ಮಾತು ನಿಜವಾಗಬಹುದು, ಆಗದೆಯೂ ಇರಬಹುದು. ಆ ಅಪಾಯದ ಬೆಲೆ ದರದಲ್ಲಿ ಇಳಿದಿದೆಯೇ ಎಂದು ನೋಡಿ. ಬಿ-ಖಾತೆಯ ಪ್ಲಾಟಿಗೆ ಎ-ಖಾತೆಯ ದರ ಕೊಡುವವರನ್ನು ನೋಡಿದರೆ ಸಂಕಟವಾಗುತ್ತದೆ.

ರಾಯಚೂರು ಈಗ ಮಹಾನಗರ ಪಾಲಿಕೆ. ಮಾನ್ವಿ, ದೇವದುರ್ಗಗಳಲ್ಲಿ ಪುರಸಭೆ. ಊರ ಅಂಚಿನ ಪ್ಲಾಟ್ ಪುರಸಭೆಗೆ ಸೇರಿದೆಯೋ ಗ್ರಾಮ ಪಂಚಾಯಿತಿಗೋ ಎಂಬುದನ್ನು ಮೊದಲು ತಿಳಿಯಬೇಕು. ಪಂಚಾಯಿತಿ ಆಸ್ತಿಗೆ ಇ-ಸ್ವತ್ತಿನ ನಮೂನೆ 9 ಮತ್ತು 11 ಇರಬೇಕು, ಅದರಲ್ಲೂ 11-ಎ ಬೇರೆ, 11-ಬಿ ಬೇರೆ. 2024ರ ಸೆಪ್ಟೆಂಬರ್‌ನಿಂದ ಜಿಲ್ಲೆಯ ಯಾವುದೇ ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಣಿ ಮಾಡಿಸಬಹುದು. ಮಾನ್ವಿಯ ಪ್ಲಾಟನ್ನು ರಾಯಚೂರಿನಲ್ಲಿ ಬರೆಸುವುದು ಅನುಕೂಲ. ಆದರೆ ಆ ಕಚೇರಿಯವರಿಗೆ ಮಾನ್ವಿಯ ಆ ಸರ್ವೆ ನಂಬರಿನ ಇತಿಹಾಸ ಗೊತ್ತಿರುವುದಿಲ್ಲ. ನೋಂದಣಿಯಾಯಿತೆಂದರೆ ಹಕ್ಕು ಶುದ್ಧವಾಯಿತೆಂದಲ್ಲ.

ಇತಿಹಾಸದ ಮಾತು ಬಂದದ್ದರಿಂದ ದೇವದುರ್ಗ, ಮಾನ್ವಿ ಕಡೆಯ ಎರಡು ವಿಶೇಷಗಳನ್ನು ಹೇಳಲೇಬೇಕು. ಈ ಸೀಮೆ 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿತ್ತು. ಹಳೆಯ ಭೂ ದಾಖಲೆಗಳು ಉರ್ದುವಿನಲ್ಲಿ ಸಿಗುತ್ತವೆ. ಹದಿಮೂರು ವರ್ಷದ ಋಣಭಾರ ಪತ್ರ ಕೊಟ್ಟು ‘ಕ್ಲಿಯರ್ ಇದೆ’ ಎನ್ನುವ ಏಜೆಂಟ್ ಅದಕ್ಕಿಂತ ಹಿಂದಿನದನ್ನು ನೋಡಿರುವುದಿಲ್ಲ. ಆ ಭಾಷೆ ಓದಬಲ್ಲ, ಸ್ಥಳೀಯ ಕಂದಾಯ ಪದ್ಧತಿ ಬಲ್ಲ ವಕೀಲರಿಂದ ಮೂಲ ಪತ್ರಗಳನ್ನು ಓದಿಸುವ ಖರ್ಚು ದೊಡ್ಡದಲ್ಲ.

ಎರಡನೆಯದು ಪಿಟಿಸಿಎಲ್. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದ ಕುಟುಂಬಗಳಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಸರ್ಕಾರದ ಪೂರ್ವಾನುಮತಿಯಿಲ್ಲದೆ ಕೊಂಡರೆ 1978ರ ಈ ಕಾಯ್ದೆಯಡಿ ಆ ಮಾರಾಟವೇ ಅಸಿಂಧು. ಉಪವಿಭಾಗಾಧಿಕಾರಿ ಅದನ್ನು ಮೂಲ ಕುಟುಂಬಕ್ಕೆ ಮರಳಿ ಕೊಡಿಸಬಹುದು. 2017ರ ನಂತರದ ಕೆಲವು ತೀರ್ಪುಗಳಲ್ಲಿ ‘ತಡವಾಗಿ ಬಂದಿರಿ’ ಎಂಬ ಕಾರಣಕ್ಕೆ ಅರ್ಜಿಗಳು ಬಿದ್ದವು. 2023ರ ತಿದ್ದುಪಡಿ ಕಾಲಮಿತಿಯ ಆ ಅಡ್ಡಿಯನ್ನು ತೆಗೆದುಹಾಕಿತು. ದೇವದುರ್ಗ ಮತ್ತು ಮಾನ್ವಿ ಎರಡೂ ಪರಿಶಿಷ್ಟ ಪಂಗಡಕ್ಕೆ ಮೀಸಲಾದ ವಿಧಾನಸಭಾ ಕ್ಷೇತ್ರಗಳು ಎಂಬುದರಿಂದಲೇ ಇಲ್ಲಿ ಯಾರ ಜಮೀನು ಎಷ್ಟಿದೆ ಎಂದು ಊಹಿಸಬಹುದು. ನಡುವೆ ನಾಲ್ಕು ಕೈ ಬದಲಾಗಿದ್ದರೂ ಮೊದಲ ಕೈಯಲ್ಲಿ ಅದು ಮಂಜೂರಾತಿ ಜಮೀನಾಗಿತ್ತೇ ಎಂದು ಕೇಳಿ. ಕಾನೂನಿನ ಭಯ ಹಾಗಿರಲಿ, ಬಡ ಕುಟುಂಬವೊಂದರ ಕೈಯಿಂದ ಅಡ್ಡದಾರಿಯಲ್ಲಿ ಹೋದ ನೆಲದ ಮೇಲೆ ಮನೆ ಕಟ್ಟಿ ಗೃಹಪ್ರವೇಶದ ದಿನ ವಿಧಾನ ಮಾಡಿಸುವುದು ಅಚೌರ್ಯ ವ್ರತವನ್ನು ನಿತ್ಯ ನೆನೆಯುವ ನಮಗೆ ಒಪ್ಪುವಂಥದ್ದಲ್ಲ.

ಸಮಾಜದೊಳಗಿನ ಖರೀದಿಯಲ್ಲಿ ಹೆಚ್ಚು ಬಿಟ್ಟುಹೋಗುವುದು ಹೆಣ್ಣುಮಕ್ಕಳ ಸಹಿ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಜೈನರಿಗೂ ಅನ್ವಯಿಸುತ್ತದೆ. 2005ರ ತಿದ್ದುಪಡಿ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಕೊಟ್ಟಿದೆ. 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, 2005ರಲ್ಲಿ ತಂದೆ ಬದುಕಿರಬೇಕಿಲ್ಲ, ಹಕ್ಕು ಹುಟ್ಟಿನಿಂದಲೇ ಬರುತ್ತದೆ ಎಂದಿತು. ಅಣ್ಣ-ತಮ್ಮಂದಿರು ಮಾತ್ರ ಸಹಿ ಹಾಕಿ ಹಳೆಯ ಮನೆ ಮಾರುತ್ತಿದ್ದರೆ, ಅಕ್ಕ-ತಂಗಿಯರು ಎಲ್ಲಿದ್ದಾರೆ ಎಂದು ಕೇಳಿ. 2004ರ ಡಿಸೆಂಬರ್ 20ಕ್ಕಿಂತ ಮೊದಲೇ ನೋಂದಾಯಿತ ವಿಭಾಗ ಪತ್ರವಾಗಿದ್ದರೆ ವಿಷಯ ಬೇರೆ. ‘ಅವರಿಗೆ ಮದುವೆಯಲ್ಲಿ ಕೊಟ್ಟಾಗಿದೆ’ ಎಂಬುದು ಮನೆಯ ಮಾತು, ಕೋರ್ಟಿನ ಮಾತಲ್ಲ. ಈ ಪ್ರಶ್ನೆಯಿಂದ ಬಂಧುಗಳಲ್ಲಿ ಒಂದು ದಿನ ಮುನಿಸಾಗಬಹುದು. ಕೇಳದೆ ಕೊಂಡರೆ ತಂಗಿಯ ದಾವೆ ನಿಮ್ಮ ಮೇಲೆ ಬರುತ್ತದೆ, ಅಣ್ಣನ ಮೇಲಷ್ಟೇ ಅಲ್ಲ.

ಹಣದ ವಿಷಯ. ‘ಮಾರ್ಗಸೂಚಿ ದರಕ್ಕೆ ಬರೆಸೋಣ, ಉಳಿದದ್ದು ನಗದು’ ಎಂಬುದು ಹಳೆಯ ಸಲಹೆ. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ 1 ಶೇಕಡದಿಂದ 2 ಶೇಕಡಕ್ಕೆ ಏರಿದ ಮೇಲೆ ಈ ಸಲಹೆಗೆ ಇನ್ನಷ್ಟು ರುಚಿ ಬಂದಿದೆ. ಲೆಕ್ಕ ಹೀಗಿದೆ: ರಾಯಚೂರಿನಲ್ಲಿ 50 ಲಕ್ಷದ ಮನೆಗೆ ಮುದ್ರಾಂಕ ಶುಲ್ಕ 5 ಶೇಕಡ, ಅಂದರೆ 2,50,000. ಅದರ ಮೇಲೆ ಸೆಸ್ 25,000, ಸರ್ಚಾರ್ಜ್ 5,000. ನೋಂದಣಿ ಶುಲ್ಕ 1,00,000. ಒಟ್ಟು 3,80,000. ಹಿಂದೆ ಇದೇ 3,30,000 ಇತ್ತು. ಇದನ್ನು ಉಳಿಸಲು ಹೋಗಿ ಕಳೆದುಕೊಳ್ಳುವುದು ದೊಡ್ಡದು. ಕಾಗದದ ಬೆಲೆ ಕಡಿಮೆಯಾದಷ್ಟು ಬ್ಯಾಂಕ್ ಸಾಲ ಕಡಿಮೆ, ಮುಂದೆ ಮಾರುವಾಗ ಲಾಭ ಹೆಚ್ಚೆಂದು ತೋರಿ ತೆರಿಗೆ ಹೆಚ್ಚು. ಸ್ಥಿರಾಸ್ತಿ ವ್ಯವಹಾರದಲ್ಲಿ 20,000 ಅಥವಾ ಅದಕ್ಕಿಂತ ಹೆಚ್ಚು ಮುಂಗಡವನ್ನು ನಗದಾಗಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸಿದೆ, ಪಡೆದಷ್ಟೇ ಮೊತ್ತದ ದಂಡವಿದೆ. ಬೆಂಗಳೂರಿನ ಆರ್‌ಬಿಎಎನ್‌ಎಂಎಸ್ ಶಿಕ್ಷಣ ಸಂಸ್ಥೆಯ ಪ್ರಕರಣದಲ್ಲಿ 2025ರ ಏಪ್ರಿಲ್ 16ರಂದು ಸುಪ್ರೀಂ ಕೋರ್ಟ್ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಎರಡು ಲಕ್ಷ ಅಥವಾ ಹೆಚ್ಚು ನಗದು ಕೊಟ್ಟೆವೆಂದು ದಾವೆಯಲ್ಲಿ ಹೇಳಿದರೆ, ನ್ಯಾಯಾಲಯವೇ ಅದನ್ನು ಆದಾಯ ತೆರಿಗೆ ಇಲಾಖೆಗೆ ತಿಳಿಸಬೇಕು. ಅಂದರೆ ವ್ಯವಹಾರ ಮುರಿದುಬಿದ್ದ ದಿನ ನಗದು ಕೊಟ್ಟವರಿಗೆ ಕೋರ್ಟಿನ ಬಾಗಿಲು ತಟ್ಟಲೂ ಧೈರ್ಯವಿರುವುದಿಲ್ಲ.

‘ನಮ್ಮವರಿಗೆ ಮಾತ್ರ’ ಲೇಔಟ್‌ಗಳಿಗೆ ಹೆಚ್ಚು ದರ ಕೇಳುತ್ತಾರೆ. ನೆರೆಯಲ್ಲಿ ಸಸ್ಯಾಹಾರಿಗಳಿರಲಿ ಎಂಬ ಆಸೆ ಅರ್ಥವಾಗುವಂಥದ್ದು. ಆದರೆ ಖರೀದಿಸಿದವರು ನಾಳೆ ಯಾರಿಗೂ ಮಾರದಂತೆ ಸಂಪೂರ್ಣ ತಡೆಯುವ ಷರತ್ತು ಆಸ್ತಿ ಹಸ್ತಾಂತರ ಕಾಯ್ದೆಯ 10ನೇ ಕಲಂ ಪ್ರಕಾರ ನಿಲ್ಲುವುದಿಲ್ಲ. ಮಕ್ಕಳು ಬೆಂಗಳೂರು, ಹೈದರಾಬಾದ್ ಸೇರಿದ ಮೇಲೆ ಮನೆ ಯಾರಿಗೆ ಮಾರಿಹೋಗುತ್ತದೆಂದು ಏಜೆಂಟ್ ಭರವಸೆ ಕೊಡಲಾರರು. ಹಾಗಿರುವಾಗ ಆ ಹೆಚ್ಚುವರಿ ದರ ಯಾವುದಕ್ಕೆ?

ಅದರ ಬದಲು ನೆಲ ನೋಡಿ. ಮಾನ್ವಿ, ರಾಯಚೂರು ಸುತ್ತ ಎರೆಭೂಮಿ ಹೆಚ್ಚು. ಮಳೆಯಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುವ ಆ ಮಣ್ಣಿನಲ್ಲಿ ಗೋಡೆ ಸೀಳದಿರಬೇಕಾದರೆ ಬುನಾದಿ ಆಳಕ್ಕೆ ಹೋಗಬೇಕು, ಮರಂ ತುಂಬಿಸಬೇಕು. ಈ ಖರ್ಚನ್ನು ಪ್ಲಾಟಿನ ದರಕ್ಕೆ ಕೂಡಿಸಿದ ಮೇಲೆಯೇ ‘ಅಗ್ಗ’ ಅನ್ನಬೇಕು. ನೀರಿನ ಮಾತು ಇನ್ನೂ ಗಂಭೀರ: 2022ರ ಬೇಸಿಗೆಯ ಕೊನೆಯಲ್ಲಿ ರಾಯಚೂರು ನಗರದಲ್ಲಿ ಕಲುಷಿತ ನೀರು ಕುಡಿದು ಜನ ಸತ್ತರು. ಸೋಸಿದ ನೀರನ್ನೇ ಕುಡಿಯುವ ಮನೆಗಳಿಗೆ ಹೇಳಬೇಕಿಲ್ಲ, ಬಟ್ಟೆ ಜೀವಾಣುವನ್ನೂ ರಾಸಾಯನಿಕವನ್ನೂ ತಡೆಯದು. ಪ್ಲಾಟಿಗೆ ನಲ್ಲಿ ಬಂದಿದೆಯೇ, ಬೋರ್‌ವೆಲ್ ಆದರೆ ಪರೀಕ್ಷೆಯ ವರದಿ ಇದೆಯೇ ನೋಡಿ. ಬಸದಿಗೆ ‘ಹತ್ತು ನಿಮಿಷ’ ಕಾರಿನದೋ ಕಾಲ್ನಡಿಗೆಯದೋ ಎಂಬುದನ್ನು ಮನೆಯ ಹಿರಿಯರನ್ನು ಕರೆದೊಯ್ದು ನಡೆಸಿಯೇ ತಿಳಿಯಬೇಕು. ಹೋಗುವುದಾದರೆ ಮಧ್ಯಾಹ್ನ ಬೇಡ. ಒಂದು ಜೋರು ಮಳೆಯ ಮರುದಿನ ಬೆಳಿಗ್ಗೆ ಹೋಗಿ, ರಸ್ತೆ ಎಲ್ಲಿದೆ, ನೀರು ಎಲ್ಲಿ ನಿಂತಿದೆ ಎಂಬುದು ಆಗ ಕಾಣುತ್ತದೆ.