ಮುಖವಾಡಕ್ಕೆ ಕೋಟಿ, ಕೆತ್ತಿದ ಕೈಗೆ ಹೆಸರಿಲ್ಲ



ಫ್ರಾನ್ಸಿನಲ್ಲಿ ನಡೆದ ಒಂದು ವ್ಯಾಪಾರದ ಲೆಕ್ಕ ಕೇಳಿ. 2021ರಲ್ಲಿ ವಯಸ್ಸಾದ ಗಂಡ ಹೆಂಡತಿ ತಮ್ಮ ಮನೆಯ ಹಳೇ ಸಾಮಾನು ಖಾಲಿ ಮಾಡುವಾಗ ಒಂದು ಮರದ ಮುಖವಾಡವನ್ನು ಹಳೇ ಸಾಮಾನಿನ ವ್ಯಾಪಾರಿಗೆ 150 ಯೂರೋಗೆ ಕೊಟ್ಟರು. 2022ರ ಮಾರ್ಚಿನಲ್ಲಿ ಮಾಂಪೆಲಿಯೆ ಊರಿನ ಹರಾಜಿನಲ್ಲಿ ಅದೇ ಮುಖವಾಡ 42 ಲಕ್ಷ ಯೂರೋಗೆ ಹೋಯಿತು. ನಮಗೆ ಮೋಸ ಆಯ್ತು ಅಂತ ದಂಪತಿ ಕೋರ್ಟಿಗೆ ಹೋದರು. 2023ರ ಡಿಸೆಂಬರಿನಲ್ಲಿ ಕೋರ್ಟು, ಬೆಲೆ ವಿಚಾರಿಸದೆ ಮಾರಿದ್ದು ನಿಮ್ಮದೇ ಅಜಾಗರೂಕತೆ ಅಂದಿತು.

ಪತ್ರಿಕೆಗಳೆಲ್ಲ ಮುದುಕರು ಸರಿಯೋ ವ್ಯಾಪಾರಿ ಸರಿಯೋ ಅಂತ ಚರ್ಚೆ ಮಾಡಿದವು. ನಾನು ಕೇಳೋದು ಬೇರೆ ಪ್ರಶ್ನೆ. ಆ ಮುಖವಾಡ ಆ ಮನೆಗೆ ಬಂದದ್ದು ಹೇಗೆ?

ಆ ಗಂಡನ ಅಜ್ಜ ಆಫ್ರಿಕಾದಲ್ಲಿ ಫ್ರೆಂಚರ ವಸಾಹತು ಅಧಿಕಾರಿ. 1917ರ ಸುಮಾರಿಗೆ ಗಬಾನ್ ದೇಶದಿಂದ ತಂದದ್ದು. ಯಾವ ಸಂದರ್ಭದಲ್ಲಿ ಕೈಗೆ ಬಂತು ಅನ್ನೋದು ತಿಳಿದಿಲ್ಲವಂತೆ! ಬಂದೂಕು, ಕಂದಾಯ, ಜೈಲು ಮೂರೂ ಒಬ್ಬನ ಕೈಯಲ್ಲಿರುವಾಗ ಎದುರಿಗಿದ್ದವನು 'ಕೊಟ್ಟ' ಅನ್ನೋ ಮಾತಿಗೆ ಏನು ಅರ್ಥ?

ಅದು ಗೋಡೆಗೆ ತೂಗುಹಾಕುವ ಸಾಮಾನಲ್ಲ. ಫಾಂಗ್ ಜನರಲ್ಲಿ 'ಎನ್‌ಗಿಲ್' ಅನ್ನೋ ಒಂದು ಕೂಟ ಇತ್ತು. ಬಿಳಿಮಣ್ಣು ಬಳಿದ ಆ ಉದ್ದ ಮುಖ ಹೊತ್ತು ಅವರು ಊರಿಗೆ ಬಂದರೆ ಕೇಡು ಮಾಡಿದವನ ಎದೆ ನಡುಗುತ್ತಿತ್ತು. ತಪ್ಪು ಹುಡುಕಿ ನ್ಯಾಯ ಹೇಳುವ ಮುಖ ಅದು. ವಸಾಹತು ಸರ್ಕಾರ ಆ ಕೂಟವನ್ನೇ ನಿಷೇಧಿಸಿತು. ಜನರ ನ್ಯಾಯವನ್ನು ಅಪರಾಧ ಮಾಡಿದರು, ನ್ಯಾಯದ ಮುಖವನ್ನು ಮನೆಗೆ ಒಯ್ದರು. ನೂರು ವರ್ಷದ ಮೇಲೆ ಆ ಮುಖ ಅವರದೇ ಕೋರ್ಟಿನ ಮುಂದೆ ನಿಂತಾಗ, ಗಬಾನ್ ಸರ್ಕಾರ 'ಅದು ನಮ್ಮದು' ಅಂತ ಹಾಕಿದ ಅರ್ಜಿ ವಜಾ ಆಯಿತು.

ಇದು ಒಬ್ಬ ಅಧಿಕಾರಿಯ ಕತೆ ಅಂದುಕೊಳ್ಳಬೇಡಿ. 1931ರಿಂದ 1933ರವರೆಗೆ ಮಾರ್ಸೆಲ್ ಗ್ರಿಯೋಲ್ ಅನ್ನೋ ವಿದ್ವಾಂಸನ ತಂಡ ಡಾಕಾರಿನಿಂದ ಜಿಬೂಟಿಯವರೆಗೆ ಆಫ್ರಿಕಾವನ್ನು ಅಡ್ಡಲಾಗಿ ಹಾಯ್ದು ವಸ್ತು ಸಂಗ್ರಹ ಮಾಡಿತು. ಇಂದಿನ ಮಾಲಿ ದೇಶದ ಹಳ್ಳಿಗಳಲ್ಲಿ 'ಕೋನೋ' ಕೂಟದ ಗುಡಿಗಳಿಗೆ ನುಗ್ಗಿ, ಪೊಲೀಸರ ಹೆಸರು ಹೇಳಿ ಹೆದರಿಸಿ, ಪುಡಿಗಾಸು ಕೊಟ್ಟು, ಪೂಜೆಯ ವಸ್ತುಗಳನ್ನು ಎತ್ತಿಕೊಂಡು ಹೋದರು. ಇದನ್ನು ಬರೆದಿಟ್ಟವನು ಶತ್ರುವಲ್ಲ, ತಂಡದ ಕಾರ್ಯದರ್ಶಿ ಮಿಶೆಲ್ ಲೆಯ್ರಿಸ್. 1934ರಲ್ಲಿ ತನ್ನ ದಿನಚರಿಯನ್ನೇ ಅಚ್ಚು ಹಾಕಿಸಿದ. ಅಂದರೆ ಕದ್ದವರಿಗೆ ಗೊತ್ತಿತ್ತು ತಾವು ಕದೀತಿದ್ದೀವಿ ಅಂತ. ಅದಕ್ಕೆ ಅವರು ಇಟ್ಟ ಹೆಸರು ವಿಜ್ಞಾನ.

ಇನ್ನು ಸಂಗ್ರಹಕಾರರ ಮಾರುಕಟ್ಟೆಯ ನಿಯಮ ನೋಡಿ. ಮುಖವಾಡ ಪೂಜೆಯಲ್ಲಿ, ಕುಣಿತದಲ್ಲಿ ಬಳಕೆಯಾಗಿರಬೇಕು. ಬೆವರು, ಎಣ್ಣೆ, ಹೊಗೆ ಹಿಡಿದಿರಬೇಕು. ಹಾಗಿದ್ದರೆ ಅದು 'ಅಸಲಿ'. ಇವತ್ತು ಬದುಕಿರುವ ಬಡಗಿ ಹೊಟ್ಟೆಪಾಡಿಗೆ ಅದೇ ಮರದಲ್ಲಿ, ಅದೇ ಉಳಿಯಲ್ಲಿ ಕೆತ್ತಿ ಮಾರಿದರೆ ಅದು 'ನಕಲಿ'. ಅಂದರೆ ಅವರು ಬೆಲೆ ಕಟ್ಟೋದು ಕಲೆಗಲ್ಲ, ಬಳಸುತ್ತಿದ್ದವರ ಕೈಯಿಂದ ಕಳಚಿದ್ದಕ್ಕೆ. ಫಾಂಗರು ಹಿರಿಯರ ತಲೆಬುರುಡೆಗಳನ್ನು ತೊಗಟೆಯ ಡಬ್ಬಿಯಲ್ಲಿಟ್ಟು ಕಾವಲಿಗೆ ಮರದ ಬೊಂಬೆ ಕೂರಿಸುತ್ತಿದ್ದರು. ಒಯ್ದವರು ಬೊಂಬೆ ಒಯ್ದರು. ಇವತ್ತು ಮ್ಯೂಸಿಯಮ್ಮುಗಳಲ್ಲಿ ಆ ಕಾವಲುಗಾರರು ಕಾಯೋಕೆ ಏನೂ ಇಲ್ಲದೆ ಕೂತಿದ್ದಾರೆ.

ಹೆಸರಿನ ಮಾತಂತೂ ಇನ್ನೂ ವಿಚಿತ್ರ. ಯಾವ ವರ್ತಕ ಕೊಂಡ, ಯಾವ ಚಿತ್ರಕಾರನ ಗೋಡೆ ಮೇಲಿತ್ತು ಅನ್ನೋದು ವಂಶಾವಳಿಯಂತೆ ದಾಖಲಾಗುತ್ತದೆ. ಆ ಮುಖವಾಡ ನಿಲ್ಲಿಸೋಕೆ ಪ್ಯಾರಿಸಿನಲ್ಲಿ ಮರದ ಪೀಠ ಮಾಡುತ್ತಿದ್ದ ಇನಾಗಾಕಿ ಅನ್ನೋ ಜಪಾನಿ ಕುಶಲಕರ್ಮಿಯ ಹೆಸರೂ ಗೊತ್ತು, ಅವನ ಮುದ್ರೆ ಇದ್ದರೆ ಅದಕ್ಕೂ ಬೆಲೆ. ಅವನ ದುಡಿಮೆಗೆ ಗೌರವ ಸಲ್ಲಲಿ. ಆದರೆ ಪೀಠ ಮಾಡಿದವನಿಗೆ ಹೆಸರಿದೆ, ಮುಖ ಕೆತ್ತಿದವನಿಗೆ ಇಲ್ಲ! ಅವನು ಬರೀ 'ಫಾಂಗ್'. ಒಂದು ಜನಾಂಗದ ಹೆಸರು ಹೇಳಿದರೆ ಒಬ್ಬ ಮನುಷ್ಯನ ಹೆಸರು ಕೇಳುವ ಅಗತ್ಯವೇ ಇಲ್ಲ ಅನ್ನೋ ರೋಗ ಯಾವುದು ಅಂತ ಹಾಸ್ಟೆಲ್ಲಿನ ಗೆಳೆಯರಿಗೆ ನಾನು ಬಿಡಿಸಿ ಹೇಳಬೇಕಿಲ್ಲ.

ಕಾಲೇಜಿನಲ್ಲಿ ಆಧುನಿಕ ಕಲೆಯ ಪಾಠ ಕೇಳಿದವರು ಪಿಕಾಸೋ ಹೆಸರು ಕೇಳಿರುತ್ತೀರಿ. 1906ರಲ್ಲಿ ದೆರೆನ್ ಅನ್ನೋ ಚಿತ್ರಕಾರ ಕೊಂಡದ್ದು ಫಾಂಗ್ ಮುಖವಾಡ. 1907ರಲ್ಲಿ ಪಿಕಾಸೋ ಬೆರಗಾಗಿ ನಿಂತದ್ದು ಪ್ಯಾರಿಸಿನ ಟ್ರೊಕಾಡೆರೋ ಮ್ಯೂಸಿಯಮ್ಮಿನ ಆಫ್ರಿಕನ್ ಕೆತ್ತನೆಗಳ ಮುಂದೆ. ಅವರು ನೋಡಿ ಕಲಿತದ್ದು 'ಕ್ರಾಂತಿ'. ಇವರು ಮಾಡಿದ್ದು 'ಆದಿಮ'. ಗುರುವಿಗೆ ಅನಾಮಧೇಯ, ಶಿಷ್ಯನಿಗೆ ಜಗತ್ಕೀರ್ತಿ.

ನಾವು ಕಾಪಾಡದಿದ್ದರೆ ಗೆದ್ದಲು ತಿಂದು ಹೋಗುತ್ತಿತ್ತು ಅಂತಾರೆ. ನಿಜ, ಕೆಲವನ್ನು ಆಫ್ರಿಕದವರೇ ಮಾರಿದ್ದಾರೆ, ಧರ್ಮ ಬದಲಾದಾಗ ಬಿಸಾಕಿದ್ದೂ ಉಂಟು. ಆದರೆ ಮರ ಹಳತಾದರೆ ಹೊಸದು ಕೆತ್ತುವ ಕೈ ಊರಿನಲ್ಲೇ ಇತ್ತಲ್ಲ. ಆ ಕೂಟವನ್ನು, ಆ ಕಸುಬನ್ನು ಮುರಿದವರು ಗೆದ್ದಲಿನ ಮಾತಾಡೋದು ಸರಿಯೇ?

ವಾಪಸ್ಸು ಬರೋದು ಆಗದ ಮಾತೂ ಅಲ್ಲ. ಕ್ಯಾಮರೂನಿನ ಕೋಮ್ ಜನರ 'ಅಫೋ-ಆ-ಕೋಮ್', ಮಣಿ ಪೋಣಿಸಿ ಹೊದಿಸಿದ ಮರದ ರಾಜಮೂರ್ತಿ, 1966ರಲ್ಲಿ ಕಳುವಾಯಿತು. 1973ರಲ್ಲಿ ನ್ಯೂಯಾರ್ಕಿನ ವರ್ತಕನ ಬಳಿ ಪತ್ತೆಯಾಗಿ, ಸುದ್ದಿಯಾಗಿ, ಅದೇ ಡಿಸೆಂಬರಿನಲ್ಲಿ ತನ್ನ ಜನರ ಬಳಿಗೆ ಮರಳಿತು. 2021ರಲ್ಲಿ ಫ್ರಾನ್ಸು ಅಬೊಮೆ ಅರಮನೆಯ 26 ವಸ್ತುಗಳನ್ನು ಬೆನಿನ್ ದೇಶಕ್ಕೆ ಕೊಟ್ಟಿತು. ಆದರೆ ಫ್ರಾನ್ಸಿನ ಸರ್ಕಾರಿ ಸಂಗ್ರಹಗಳಲ್ಲಿ ಸಹಾರಾದ ದಕ್ಷಿಣದ ಆಫ್ರಿಕಾದ ಸುಮಾರು 90,000 ವಸ್ತುಗಳಿವೆ ಅಂತ 2018ರ ಅವರದೇ ವರದಿ ಹೇಳಿತ್ತು. ಎಲ್ಲಿ 26, ಎಲ್ಲಿ 90,000?

ಮುಖವಾಡ ನೋಡಬೇಡಿ ಅಂತ ನಾನು ಹೇಳ್ತಿಲ್ಲ. ನೋಡಿ, ಕಣ್ತುಂಬ ನೋಡಿ. ಆದರೆ ಬೆರಗಿನ ಜೊತೆ ಲೆಕ್ಕವನ್ನೂ ಕೇಳಿ: ಯಾರು ಕೆತ್ತಿದರು, ಯಾರು ತಂದರು, ಯಾವ ವರ್ಷ, ಏನು ಕೊಟ್ಟು? ಉತ್ತರ ಹೇಳದ ಸಂಗ್ರಹ, ಅದು ಎಷ್ಟೇ ಅಂದದ ಗಾಜಿನೊಳಗಿದ್ದರೂ, ಕದ್ದ ಮಾಲಿನ ಉಗ್ರಾಣವೇ.