ಹೊರಗೋಡೆಯ ಅಂದಾಜು ಮತ್ತು ಅಂಗಡಿಯ ಉದ್ರಿ ಖಾತೆ

ಮಳೆಗಾಲ ಮುಗಿದು ದೀಪಾವಳಿ ಸಮೀಪಿಸುತ್ತಿದ್ದಂತೆ ಕಲಬುರಗಿ ನಗರದ ಬಡಾವಣೆಗಳಲ್ಲಿ ಹಳೆಯ ಮನೆಗಳ ಹೊರಗೋಡೆಗಳನ್ನು ಹೊಸದಾಗಿಸುವ ಕೆಲಸಗಳು ಆರಂಭವಾಗುತ್ತವೆ. ಇಪ್ಪತ್ತು ಇಪ್ಪತ್ತೈದು ವರ್ಷಗಳ ಹಿಂದಿನ ಗಿಲಾವು ಉದುರತೊಡಗಿದಾಗ ಕೆಲವರು ಅದನ್ನು ಕೆತ್ತಿಸಿ ಹೊಸ ಗಿಲಾವು ಮಾಡಿಸುತ್ತಾರೆ. ಅನುಕೂಲಸ್ಥರು ಮುಂಭಾಗಕ್ಕೆ ಶಹಾಬಾದ್ ಕಲ್ಲನ್ನು ಹಚ್ಚಿಸುತ್ತಾರೆ. ಸಿಮೆಂಟ್, ಉಸುಕು, ಬಣ್ಣ ಹಾಗೂ ಕಲ್ಲಿನ ವ್ಯಾಪಾರಸ್ಥರಿಗೆ ಇದು ಒಳ್ಳೆಯ ಹಂಗಾಮು. ಆದರೆ ಅರ್ಧಕ್ಕೆ ನಿಲ್ಲುವ ಕೆಲಸಗಳೂ ಇವುಗಳಲ್ಲಿಯೇ ಹೆಚ್ಚು. ಗುತ್ತಿಗೆದಾರನ ಅಂದಾಜು ತಪ್ಪುತ್ತದೆ, ಮನೆಯವರು ಹೆಚ್ಚಿನ ಹಣ ಕೊಡಲು ಒಪ್ಪುವುದಿಲ್ಲ, ಸಾರುವೆ ಗೋಡೆಗೆ ನಿಂತಲ್ಲಿಯೇ ನಿಲ್ಲುತ್ತದೆ. ಆ ಗುತ್ತಿಗೆದಾರನಿಗೆ ಉದ್ರಿ ಕೊಟ್ಟ ಅಂಗಡಿಯ ಬಾಕಿ ಮುಂದಿನ ಆರ್ಥಿಕ ವರ್ಷಕ್ಕೆ ದಾಟುತ್ತದೆ.

ಇದರ ಮೂಲ ಅಂದಾಜು ಮಾಡುವ ಪದ್ಧತಿಯಲ್ಲಿದೆ. ನಮ್ಮ ಭಾಗದಲ್ಲಿ ಮನೆ ಎಷ್ಟು ಚದರ ಅಡಿ ಎಂದು ಕೇಳಿ ಅದರ ಮೇಲೆಯೇ ಹೊರಗೋಡೆಯ ದರ ಹೇಳುವ ರೂಢಿ ಬೇರೂರಿದೆ. ನೆಲದ ಅಳತೆಗೂ ಗೋಡೆಯ ಅಳತೆಗೂ ಇರುವ ಸಂಬಂಧ ಬಹಳ ಸಡಿಲವಾದುದು. 25 ಅಡಿ ಅಗಲ, 35 ಅಡಿ ಉದ್ದದ ಎರಡು ಅಂತಸ್ತಿನ ಮನೆಯೊಂದನ್ನು ತೆಗೆದುಕೊಳ್ಳಬಹುದು. ಕಟ್ಟಡದ ವಿಸ್ತೀರ್ಣ 1,750 ಚದರ ಅಡಿ. ಸುತ್ತಳತೆ 120 ಅಡಿ, ಪ್ಯಾರಾಪೆಟ್ ಸೇರಿ ಎತ್ತರ 22 ಅಡಿ ಎಂದರೆ ಹೊರಮುಖ 2,640 ಚದರ ಅಡಿಯಾಗುತ್ತದೆ. ನಾಲ್ಕಡಿ ಚೌಕದ ಹತ್ತು ಕಿಟಕಿಗಳನ್ನೂ ಎರಡು ಬಾಗಿಲುಗಳನ್ನೂ ಕಳೆದರೆ ಸುಮಾರು 2,430 ಉಳಿಯುತ್ತದೆ. ಇಲ್ಲಿಗೆ ಲೆಕ್ಕ ಮುಗಿಯಿತೆಂದು ಭಾವಿಸುವವರೇ ಬಹಳ. ಪ್ಯಾರಾಪೆಟ್‌ನ ಒಳಮುಖ ಸುಮಾರು 360, ಸಜ್ಜಾಗಳ ಮೇಲ್ಭಾಗ ಹಾಗೂ ಕೆಳಭಾಗ 150, ಕಿಟಕಿಗಳ ಅಂಚುಗಳು 80 ಚದರ ಅಡಿ ಕೂಡಿದಾಗ ಮೊತ್ತ 3,020ಕ್ಕೆ ಬಂದು ನಿಲ್ಲುತ್ತದೆ. ಕಳೆದದ್ದಕ್ಕಿಂತ ಕೂಡಿದ್ದೇ ಹೆಚ್ಚಾಯಿತು.

20 ಮಿಲಿಮೀಟರ್ ದಪ್ಪದ ಎರಡು ಪದರಿನ ಗಿಲಾವಿಗೆ, ಒಂದಕ್ಕೆ ನಾಲ್ಕರ ಮಿಶ್ರಣದಲ್ಲಿ, ನೂರು ಚದರ ಅಡಿಗೆ ಒಂದೂವರೆ ಚೀಲಕ್ಕಿಂತ ತುಸು ಹೆಚ್ಚು ಸಿಮೆಂಟ್ ಹಾಗೂ ಏಳೂವರೆಯಿಂದ ಎಂಟು ಘನ ಅಡಿ ಉಸುಕು ಬೇಕು. ನೆಲದ ಅಳತೆಯಂತೆ ಲೆಕ್ಕ ಹಾಕಿದವನು 27 ಚೀಲ ಬರೆದುಕೊಂಡಿರುತ್ತಾನೆ. ಗೋಡೆ ಕೇಳುವುದು 47 ಚೀಲ. ಕೂಲಿಯ ದರ ಉದಾಹರಣೆಗೆ ಚದರ ಅಡಿಗೆ 30 ರೂಪಾಯಿ ಎಂದಿಟ್ಟುಕೊಂಡರೂ 1,270 ಚದರ ಅಡಿಯ ವ್ಯತ್ಯಾಸಕ್ಕೆ 38,100 ರೂಪಾಯಿ ಕೂಲಿಯೊಂದರಲ್ಲಿಯೇ ಕೈಬಿಡುತ್ತದೆ. ಒದ್ದೆ ಉಸುಕು ಉಬ್ಬಿ ಕಾಲು ಪಾಲಿನಷ್ಟು ಹೆಚ್ಚು ಜಾಗ ಹಿಡಿಯುವುದರಿಂದ, ಮಳೆಯಲ್ಲಿ ತರಿಸಿದ ಒಂದು ಬ್ರಾಸ್ ಒಣಗಿದ ಮೇಲೆ ಒಂದು ಬ್ರಾಸ್ ಆಗಿ ಉಳಿಯುವುದಿಲ್ಲ ಎಂಬುದನ್ನೂ ಉಸುಕಿನ ವ್ಯಾಪಾರಸ್ಥರು ಬಲ್ಲರು, ಹೇಳುವುದು ಅಪರೂಪ.

ಅನುಭವಿ ಗೌಂಡಿಗಳು ಕಣ್ಣಳತೆಯಲ್ಲಿಯೇ ಸರಿಯಾದ ಲೆಕ್ಕ ಹೇಳುತ್ತಾರೆ, ಟೇಪಿನ ಅಗತ್ಯವೇನು ಎಂಬ ವಾದವಿದೆ. ಹೊಸ ಕಟ್ಟಡದ ಮಟ್ಟಿಗೆ ಈ ವಾದವನ್ನು ಒಪ್ಪಬಹುದು, ಏಕೆಂದರೆ ಆ ಗೋಡೆಯನ್ನು ಕಟ್ಟಿದವನು ಆತನೇ. ಹಳೆಯ ಗೋಡೆಯನ್ನು ಕಟ್ಟಿದವರು ಬೇರೆ. ಅದರೊಳಗೆ ಏನಿದೆ ಎಂಬುದು ಕೆತ್ತುವವರೆಗೆ ಪೂರ್ತಿ ತಿಳಿಯದು. ಅಮೆರಿಕದ ಅನೇಕ ಮನೆಗಳಲ್ಲಿ ಮರದ ಅಥವಾ ವಿನೈಲ್‌ನ ಪಟ್ಟಿಗಳೇ ಹೊರಹೊದಿಕೆ. ಅಲ್ಲಿ ನೂರು ಚದರ ಅಡಿಯನ್ನು ಒಂದು ‘ಸ್ಕ್ವೇರ್’ ಎಂದು ಎಣಿಸಿ, ಹಳೆಯದನ್ನು ಕಳಚಿ ಹೊಸದನ್ನು ಜಡಿಯುತ್ತಾರೆ. ನಮ್ಮಲ್ಲಿ ಹೊದಿಕೆ ಗೋಡೆಗೇ ಅಂಟಿಕೊಂಡಿದೆ. ಅದನ್ನು ಕೆತ್ತುವಾಗ ಇಟ್ಟಿಗೆಯ ಅಂಚೂ ಸಂದಿನ ಗಾರೆಯೂ ಜೊತೆಗೆ ಬರುತ್ತವೆ. ಕಪ್ಪು ಎರೆಭೂಮಿ ಬೇಸಿಗೆಯಲ್ಲಿ ಬಿರಿದು ಮಳೆಯಲ್ಲಿ ಉಬ್ಬುವುದರಿಂದ ಕಿಟಕಿಗಳ ಮೂಲೆಗಳಿಂದ ಓರೆಯಾಗಿ ಹೊರಟ ಬಿರುಕುಗಳು ನಗರದ ಎಷ್ಟೋ ಮನೆಗಳಲ್ಲಿ ಕಾಣುತ್ತವೆ. ಗೋಡೆಯನ್ನೇ ಸೀಳಿದ ಅಂತಹ ಬಿರುಕಿಗೆ ಹೊಸ ಗಿಲಾವು ಪರಿಹಾರವಲ್ಲ. ಎರಡು ಮಳೆಗಾಲಗಳಲ್ಲಿ ಅದು ಮತ್ತೆ ಮೇಲಕ್ಕೆ ಬರುತ್ತದೆ, ದೂರು ಸಿಮೆಂಟ್ ಮಾರಿದ ಅಂಗಡಿಗೆ ಬರುತ್ತದೆ.

ಆದ್ದರಿಂದ ಅಂದಾಜಿಗೆ ಮೊದಲು ಗೋಡೆಯನ್ನು ಸಣ್ಣ ಸುತ್ತಿಗೆಯಿಂದ ತಟ್ಟಿ ನೋಡಬೇಕು. ಪೊಳ್ಳು ಸದ್ದು ಬರುವ ಭಾಗಗಳನ್ನು ಸೀಮೆಸುಣ್ಣದಿಂದ ಗುರುತಿಸಿ ಅಳೆದರೆ, ಪೂರ್ತಿ ಕೆತ್ತಬೇಕಾದುದೆಷ್ಟು, ತೇಪೆ ಸಾಕಾಗುವುದೆಷ್ಟು, ಬಣ್ಣವಷ್ಟೇ ಬೇಕಾದುದೆಷ್ಟು ಎಂಬುದು ಬೇರೆಬೇರೆಯಾಗಿ ಸಿಗುತ್ತದೆ. ಎಷ್ಟೋ ಮನೆಗಳಲ್ಲಿ ಮನೆಯವರು ಹೆದರಿದಷ್ಟು ಕೆಲಸ ಇರುವುದೇ ಇಲ್ಲ. ಕೆತ್ತುವ ಕೂಲಿ, ಅವಶೇಷ ಸಾಗಿಸುವ ಟ್ರ್ಯಾಕ್ಟರ್ ಬಾಡಿಗೆ, ನೀರು, ಸಾರುವೆ ಇವು ಪ್ರತ್ಯೇಕ ಸಾಲುಗಳಾಗಿ ಬರಬೇಕು. ಗಿಲಾವು ಕನಿಷ್ಠ ಒಂದು ವಾರ ನೀರುಣ್ಣಬೇಕು, ಬಣ್ಣ ಹಚ್ಚಲು ಸುಮಾರು 28 ದಿನ ಕಾಯಬೇಕು. ಅಂದರೆ ಸಾರುವೆಯನ್ನು ಎರಡು ಬಾರಿ ಕಟ್ಟಬೇಕು, ಇಲ್ಲವೇ ತಿಂಗಳಿಡೀ ಬಾಡಿಗೆ ತೆರಬೇಕು. ಒಂದೇ ಬಾರಿಯ ಬಾಡಿಗೆ ಬರೆದ ಅಂದಾಜು ಮೊದಲ ದಿನವೇ ಸುಳ್ಳಾಗಿರುತ್ತದೆ.

ಕಲ್ಲಿನ ಹೊದಿಕೆಯ ಲೆಕ್ಕದಲ್ಲಿ ತೂಕ ಸೇರುತ್ತದೆ. ಒಂದು ಅಂಗುಲ ದಪ್ಪದ ಶಹಾಬಾದ್ ಕಲ್ಲು ಚದರ ಅಡಿಗೆ ಆರು ಕಿಲೋಗ್ರಾಂಗಿಂತ ಹೆಚ್ಚು ತೂಗುತ್ತದೆ. 300 ಚದರ ಅಡಿಯ ಮುಂಭಾಗಕ್ಕೆ ಹತ್ತಿರ ಹತ್ತಿರ ಎರಡು ಟನ್. ನುಣುಪಾದ ಬೆನ್ನಿನ ಕಲ್ಲನ್ನು ಬರಿಯ ಸಿಮೆಂಟಿನಿಂದ ಎತ್ತರಕ್ಕೆ ಅಂಟಿಸುವುದು ಅಪಾಯಕರ. ಬೆನ್ನಿಗೆ ಉಳಿ ಹೊಡೆಯುವ ಕೂಲಿಯನ್ನೂ ಕೊಂಡಿಗಳ ಖರ್ಚನ್ನೂ ಸೇರಿಸಲೇಬೇಕು. ಇದು ಸುಣ್ಣಕಲ್ಲಾದುದರಿಂದ ಕಲೆ ತೆಗೆಯಲು ಆಸಿಡ್ ಸುರಿದರೆ ಕಲ್ಲೇ ಕರಗುತ್ತದೆ ಎಂಬ ಎಚ್ಚರಿಕೆಯನ್ನು ಮಾರುವವರೇ ಬಿಲ್ಲಿನ ಮೇಲೆ ಬರೆದುಕೊಟ್ಟರೆ ಒಳಿತು.

ನಗರದ ಇದೇ ಅಂದಾಜನ್ನು ಹಾಗೆಯೇ ಕಮಲಾಪುರಕ್ಕೆ ಒಯ್ದರೆ ಮತ್ತೊಂದು ತಪ್ಪಾಗುತ್ತದೆ. ಕೆಂಪು ಬಾಳೆಗೆ ಹೆಸರಾದ ಆ ಊರು ಈಗ ತಾಲ್ಲೂಕು ಕೇಂದ್ರ. ಹುಮನಾಬಾದ್ ರಸ್ತೆಯಲ್ಲಿ ನಗರದಿಂದ ಸುಮಾರು ನಲವತ್ತು ಕಿಲೋಮೀಟರ್. ಶಹಾಬಾದ್ ಇರುವುದು ನಗರದ ಇನ್ನೊಂದು ಬದಿಗೆ, ದಕ್ಷಿಣಕ್ಕೆ. ಹೀಗಾಗಿ ಕಲ್ಲು ಕಲಬುರಗಿಯನ್ನು ದಾಟಿ ಮತ್ತಷ್ಟು ದೂರ ಹೋಗಬೇಕು. ಮುಕ್ಕಾಲು ಟನ್ ಹೊರುವ ಸಣ್ಣ ವಾಹನಕ್ಕೆ ಮೇಲೆ ಹೇಳಿದ ಎರಡು ಟನ್ ಎಂದರೆ ಮೂರು ಸುತ್ತು. ನಗರದಿಂದ ಹೋಗುವ ಗೌಂಡಿಗಳ ಪ್ರಯಾಣದ ಹೊತ್ತೂ ಕೂಲಿಯೇ. ಸ್ಥಳೀಯ ಗೌಂಡಿಗಳಿಗೆ ಕೆಲಸ ವಹಿಸಿ ಸಾಮಾನನ್ನು ಮಾತ್ರ ಒಂದೇ ಲಾರಿಯಲ್ಲಿ ಕಳುಹಿಸುವುದು ಬಹುಪಾಲು ಸಂದರ್ಭಗಳಲ್ಲಿ ಅಗ್ಗ. ಮಣ್ಣಿನ ಗಾರೆಯ ಹಳೆಯ ಕಲ್ಲುಮನೆಗಳಿಗೆ ಗಟ್ಟಿ ಸಿಮೆಂಟ್ ಗಿಲಾವು ಹೊಂದುವುದಿಲ್ಲ. ಒಳಗಿನ ತೇವ ಹೊರಬರಲಾರದೆ ಪದರನ್ನೇ ಎಬ್ಬಿಸುತ್ತದೆ. ಅಲ್ಲಿ ಸುಣ್ಣದ ಗಾರೆಯ ದರ ಬೇರೆಯಾಗಿ ಕೇಳಬೇಕು. ಕಲಬುರಗಿಯ ಹಫ್ತ್ ಗುಂಬಜ್ ಮೇಲಿನ ಸುಣ್ಣದ ಗಾರೆ ಶತಮಾನಗಳನ್ನು ಕಂಡಿದೆ, ಆದರೆ ಆ ಕೆಲಸ ಬಲ್ಲ ಕೈಗಳು ಈಗ ವಿರಳ.

ತೆರಿಗೆಯ ಸಾಲನ್ನೂ ಗಮನಿಸಬೇಕು. ಸಿಮೆಂಟಿನ ಮೇಲಿನ ಜಿ.ಎಸ್.ಟಿ. 2025ರ ಸೆಪ್ಟೆಂಬರ್ 22ರಿಂದ ಶೇ. 28ರಿಂದ 18ಕ್ಕೆ ಇಳಿಯಿತು. ಅದಕ್ಕೂ ಹಿಂದಿನ ದರಪಟ್ಟಿಯ ನಕಲನ್ನೇ ಮುಂದಿಟ್ಟುಕೊಂಡು ಲೆಕ್ಕ ಹಾಕುವವರಿದ್ದರೆ ಗ್ರಾಹಕರು ಪ್ರಶ್ನಿಸುವುದು ಸಹಜ.

ಉದ್ರಿ ಖಾತೆ ತೆರೆಯುವ ಮುನ್ನ ಅಳತೆಯ ಹಾಳೆಯೊಂದನ್ನು ಕೇಳುವ ಪದ್ಧತಿಯನ್ನು ವ್ಯಾಪಾರಸ್ಥರು ಸೇರಿ ಜಾರಿಗೆ ತರಲು ಸಾಧ್ಯವಿದೆ. ಹಾಳೆ ಕೇಳಿದರೆ ಗುತ್ತಿಗೆದಾರ ಪಕ್ಕದ ಅಂಗಡಿಗೆ ಹೋಗುತ್ತಾನೆ ಎಂಬ ಭಯ ಆಧಾರವಿಲ್ಲದ್ದಲ್ಲ. ಒಬ್ಬರೇ ಮಾಡಿದರೆ ಹೋಗುತ್ತಾನೆ. ಒಂದು ಬೀದಿಯ ನಾಲ್ಕೈದು ಅಂಗಡಿಗಳು ಒಪ್ಪಿಕೊಂಡರೆ ಹೋಗಲು ಜಾಗವಿರುವುದಿಲ್ಲ. ಅಳತೆಗೆ ಹೋಗುವ ಗೌಂಡಿಗೆ ಅರ್ಧ ದಿನದ ಕೂಲಿಯನ್ನು ಮನೆಯವರು ಮೊದಲೇ ಕೊಟ್ಟು, ಕೆಲಸ ಆತನಿಗೇ ಸಿಕ್ಕರೆ ಕೊನೆಯ ಬಿಲ್ಲಿನಲ್ಲಿ ಅದನ್ನು ಮುರಿದುಕೊಳ್ಳುವ ಏರ್ಪಾಡು ಇಬ್ಬರಿಗೂ ನ್ಯಾಯವಾದುದು. ಹಾಳೆಯ ಒಂದು ಪ್ರತಿ ಮನೆಯವರಲ್ಲಿ, ಒಂದು ಗುತ್ತಿಗೆದಾರನಲ್ಲಿ, ಮತ್ತೊಂದು ಅಂಗಡಿಯ ಖಾತೆ ಪುಸ್ತಕದಲ್ಲಿ ಇರತಕ್ಕದ್ದು.